ಗೌರಮ್ಮಜ್ಜಿಯ ಎಮ್ಮೆ ತಿಂದ ರೊಟ್ಟಿಗಳು

ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ತಾಲೂಕುಗಳಲ್ಲಿ ‘ಪರಿಶ್ರಮದ ಮಹತ್ವ’ ಎಂಬ ವಿಷಯದ ಮೇಲೆ ಭಾಷಣ ಮಾಡಿದ ಮನುಷ್ಯ ನಾನು. ಎಲ್ಲ ಕಡೆಯೂ ನನ್ನ ಕುರ್ಚಿಯನ್ನು ಬೇರೆ ಯಾರೋ ಹೊತ್ತು ತಂದು ಹಾಕಿದ್ದರು. ಮೈಕನ್ನು ನನ್ನ ಬಾಯಿಯ ಎತ್ತರಕ್ಕೆ ಬೇರೆ ಯಾರೋ ತಿರುಗಿಸಿ ಕೊಟ್ಟಿದ್ದರು. ಗಂಟಲು ಒಣಗಿದಾಗ ನೀರಿನ ಲೋಟವೂ ತಾನಾಗಿಯೇ ಬಂದಿತ್ತು. ನಾನು ಪಟ್ಟ ಶ್ರಮವೆಂದರೆ ಎದ್ದು ನಿಂತದ್ದು, ಮತ್ತೆ ಕೂತದ್ದು.

ವೃತ್ತಿಯಿಂದ ನಾನು ಹೈಸ್ಕೂಲು ಕನ್ನಡ ಮೇಷ್ಟ್ರು. ಮನೆಯನ್ನು ಕೊಟ್ಟೂರಿನಲ್ಲೇ ಇಟ್ಟುಕೊಂಡು, ವರ್ಗವಾದಲ್ಲೆಲ್ಲ ಬಸ್ಸಿನಲ್ಲಿ ಹೋಗಿ ಬಂದು, ಕೊನೆಗೆ ಕೊಟ್ಟೂರಿನಲ್ಲೇ ಹೆಡ್‌ಮಾಸ್ತರನಾಗಿ ನಿವೃತ್ತನಾದೆ. ಆ ಭಾಷಣವನ್ನು ಬರೆದದ್ದು ಒಂದೇ ಸಲ, ಮದುವೆಯಾದ ಹೊಸದರಲ್ಲಿ. ಉದ್ದನೆಯ ಗೆರೆ ಹಾಳೆ, ನಾಲ್ಕು ಪುಟ. ಬೆವರು, ಮುತ್ತು, ಮೆಟ್ಟಿಲು, ಶಿಖರ, ಇರುವೆ, ಜೇಡ, ಎಲ್ಲವೂ ಅದರಲ್ಲಿ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು. ಜೇಡ ಬಿದ್ದು ಬಿದ್ದು ಏಳುವ ಕಡೆ ನಾನು ದನಿ ಏರಿಸುತ್ತಿದ್ದೆ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಹಾಳೆಯ ಮಡಿಕೆಗಳು ಹರಿದಾಗ ಹಿಂದಿನಿಂದ ಅಂಟುಪಟ್ಟಿ ಹಚ್ಚಿ ಮತ್ತೆ ಜೇಬಿಗಿಟ್ಟುಕೊಂಡೆ. ನಿವೃತ್ತಿಯಾದ ಮೇಲೂ ಆಗಸ್ಟ್ ಹದಿನೈದಕ್ಕೆ ಯಾವುದಾದರೊಂದು ಶಾಲೆಯವರು ಕರೆಯುತ್ತಿದ್ದರು, ನಾನೂ ಆ ಜೇಡವನ್ನು ಕರೆದುಕೊಂಡು ಹೋಗುತ್ತಿದ್ದೆ.

ಇಂಥ ನನಗೆ ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಶ್ರಮ ಎಂದರೇನು ಎಂದು ಕಲಿಸಿದ್ದು ಒಂದು ಹಿಡಿ ಜೋಳದ ಹಿಟ್ಟು. ಅದಕ್ಕೆ ಸಾಕ್ಷಿ ಒಂದು ಎಮ್ಮೆ. ಅದನ್ನು ನಿಮಗೆ ಹೇಳದೆ ಇರಲಾರೆ.

ಆದದ್ದು ಇಷ್ಟು. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಎತ್ತು ಮಾಡಲು ಮಣ್ಣು ಬೇಕೆಂದು ನನ್ನ ಹೆಂಡತಿ ಕೊಟ್ರಮ್ಮ ಹೇಳಿದಳು. ನಾನು ಕೆರೆಯಿಂದ ಒಂದು ಬಕೆಟ್ ಜಿಗುಟು ಮಣ್ಣು ತಂದೆ. ಇಡೀ ವರ್ಷದಲ್ಲಿ ನಾನು ಮಾಡಿದ ಮೈಮುರಿವ ಕೆಲಸ ಅದೊಂದೇ ಆದ್ದರಿಂದ, ಸಾಕಷ್ಟು ಆಯಾಸಪಟ್ಟು, ಬಕೆಟ್ಟನ್ನು ಅಡುಗೆಮನೆಯ ಹೊಸ್ತಿಲ ಮುಂದೆಯೇ ಬುಡಮೇಲು ಮಾಡಿ ಪೇಪರು ಓದಲು ಕೂತೆ. ಒಳಗಿನಿಂದ ನೀರಿನ ತಂಬಿಗೆ ಹಿಡಿದು ಬಂದ ಕೊಟ್ರಮ್ಮ ಅದರ ಮೇಲೆ ಕಾಲಿಟ್ಟಳು. ಜಾರಿದಳು. ಬೀಳುವಾಗ ಬಲಗೈ ಊರಿದಳು. ಮಣಿಕಟ್ಟು ಮುರಿಯಿತು. ದವಾಖಾನೆಯಲ್ಲಿ ಮೊಣಕೈವರೆಗೆ ಬಿಳಿ ಪಟ್ಟು ಹಾಕಿ, ಆರು ವಾರ ಈ ಕೈ ಅಲ್ಲಾಡಿಸಬಾರದು ಎಂದರು.

ಮನೆಗೆ ಬರುವಾಗ ಆಟೋದಲ್ಲಿ ಅವಳು ಬೆರಳು ಮಡಚಿ ದಿನ ಎಣಿಸುತ್ತಿದ್ದಳು. ನೋವಿಗೆ ಬಾರದ ಕಣ್ಣೀರು ಎಣಿಕೆ ಮುಗಿದಾಗ ಬಂತು.

“ರೊಟ್ಟಿ ಪಂಚಮಿ ಹೊತ್ತಿಗೆ ಪಟ್ಟು ಇನ್ನೂ ಬಿಚ್ಚಂಗಿಲ್ಲರಿ” ಎಂದಳು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಶ್ರಾವಣದಲ್ಲಿ ನಾಗಪ್ಪನಿಗೆ ಹಾಲೆರೆಯುವ ಹಿಂದಿನ ದಿನ ನಮ್ಮಲ್ಲಿ ರೊಟ್ಟಿ ಪಂಚಮಿ. ಅದಕ್ಕೆ ಎರಡು ಮೂರು ದಿನ ಮುಂಚೆಯೇ ಮನೆಮನೆಯಲ್ಲೂ ತೆಳ್ಳನೆಯ ರೊಟ್ಟಿ ಬಡಿದು, ಕಡಕ್ಕಾಗಿ ಒಣಗಿಸಿ, ಬುಟ್ಟಿಯಲ್ಲಿ ಒಟ್ಟಿಟ್ಟಿರುತ್ತಾರೆ. ಹಬ್ಬದ ದಿನ ತಟ್ಟೆಯಲ್ಲಿ ಆ ರೊಟ್ಟಿ, ಮೇಲೊಂದಿಷ್ಟು ಮಡಕೆಕಾಳು ಪಲ್ಯ, ಎಣ್ಣೆಗಾಯಿ, ಗುರೆಳ್ಳು ಚಟ್ನಿ ಇಟ್ಟು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಕಳಿಸುತ್ತಾರೆ. ತಟ್ಟೆ ಬರಿದಾಗಿ ವಾಪಸು ಬರುವುದಿಲ್ಲ, ಅವರ ಮನೆಯ ರೊಟ್ಟಿ ಹೊತ್ತುಕೊಂಡು ಬರುತ್ತದೆ. ಸಂಜೆಯ ಹೊತ್ತಿಗೆ ಇಡೀ ಬೀದಿ ಇಡೀ ಬೀದಿಯ ರೊಟ್ಟಿ ತಿಂದಿರುತ್ತದೆ. ಯಾರ ರೊಟ್ಟಿ ದಪ್ಪ, ಯಾರದು ಸೀದಿದೆ, ಯಾರು ಈ ಸಲ ಕೈ ಬಿಗಿ ಹಿಡಿದಿದ್ದಾರೆ ಎಂಬ ತೀರ್ಪು ಮರುದಿನ ನಲ್ಲಿಯ ಹತ್ತಿರ ಹೊರಬೀಳುತ್ತದೆ.

ಕೊಟ್ರಮ್ಮ ಮೂವತ್ತೇಳು ವರ್ಷ ಒಂಬತ್ತು ಮನೆಗೆ ಐದೈದು ರೊಟ್ಟಿ ಕಳಿಸಿದವಳು. ಹೆರಿಗೆಯಾದ ವರ್ಷವೂ ತಪ್ಪಿಸಿರಲಿಲ್ಲ. ಬೀದಿಯಲ್ಲಿ ಅವಳ ರೊಟ್ಟಿಗೆ ಹೆಸರಿತ್ತು. ಬೆಳಕಿಗೆ ಹಿಡಿದರೆ ಆಚೆಗಿನ ಕೈ ಕಾಣಬೇಕು, ಹಾಗಿರುತ್ತಿತ್ತು. ಈಗ ಒಂಬತ್ತು ಮನೆಯಿಂದ ತಟ್ಟೆ ಬರುತ್ತದೆ, ಇವಳು ಏನು ಇಟ್ಟು ಕಳಿಸಬೇಕು? ಸಕ್ಕರೆಯೇ? ಬೀದಿಯವರು ಒಳ್ಳೆಯವರು, ಬಂದು ನೋಡಿ, “ಈ ವರ್ಷ ಬಿಡು ಕೊಟ್ರಮ್ಮ, ಕೈ ಮುಖ್ಯ” ಎಂದು ಹೇಳಿ ಹೋದರು. ಅವರು ಹೋದ ಮೇಲೆ ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಒಬ್ಬೊಬ್ಬರು ಹಾಗೆ ಹೇಳಿದಾಗಲೂ ಇನ್ನಷ್ಟು ಸಣ್ಣಗಾದಳು.

ಮಣ್ಣಿನ ಗುಡ್ಡೆ ನಾನು ಹಾಕಿದ್ದು. ಅವಳು ಆ ಮಾತನ್ನು ಒಂದು ಸಲವೂ ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ. ಒಂದು ದಿನ ತಡೆಯಲಾರದೆ, “ಬಸ್ ಸ್ಟ್ಯಾಂಡ್ ಹತ್ತಿರ ರೊಟ್ಟಿ ಮಾರುವವರಿದ್ದಾರೆ, ನಲವತ್ತೈದು ತಂದುಬಿಡುತ್ತೇನೆ, ಯಾರಿಗೆ ಗೊತ್ತಾಗುತ್ತದೆ?” ಎಂದೆ. ಅವಳು ಎದ್ದು ಕೂತಳು.

“ಕೊಂಡ ರೊಟ್ಟಿ ಹಂಚಾಕ ನಾನೇನು ಅಂಗಡಿ ಇಟ್ಟೀನೇನ್ರಿ?”

“ಹಾಗಾದ್ರೆ ನಾನೇ ಬಡೀತೀನಿ” ಎಂದೆ. ಬಾಯಿ ತಪ್ಪಿ ಬಂದ ಮಾತು. ಭಾಷಣ ಮಾಡಿ ಮಾಡಿ ನನ್ನ ಬಾಯಿಗೆ ಕೈಯನ್ನು ಕೇಳಿ ಮಾತಾಡುವ ಅಭ್ಯಾಸ ಹೋಗಿತ್ತು. ಅವಳು ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. ನನ್ನ ಕೈಯನ್ನು ತನ್ನ ಎಡಗೈಯಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಸಂತೆಯಲ್ಲಿ ಬದನೆಕಾಯಿ ನೋಡುವಂತೆ ನೋಡಿದಳು.

“ಸೀಮೆಸುಣ್ಣ ಬಿಟ್ಟು ಬ್ಯಾರೇನೂ ಹಿಡಿದಿಲ್ಲ ಇದು. ನೋಡೋಣ, ನಾಳೆ ಬೆಳಗ್ಗೆ ಎದ್ದೇಳ್ರಿ.”

ಮರುದಿನ ಬೆಳಿಗ್ಗೆಯಿಂದ ನನ್ನ ಶಾಲೆ ಶುರುವಾಯಿತು. ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು, ಪಟ್ಟು ಹಾಕಿದ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಕೊಟ್ರಮ್ಮ ಕೂತಳು. ನೆಲದ ಮೇಲೆ ರೊಟ್ಟಿ ಹಲಗೆಯ ಮುಂದೆ ನಾನು. ಹಿಟ್ಟಿನ ನಡುವೆ ಗುಣಿ ಮಾಡಿ ಕುದಿಯುವ ಎಸರು ಹೊಯ್ಯಬೇಕು, ಬಿಸಿ ಇರುವಾಗಲೇ ನಾದಬೇಕು. ಆರಿದ ಮೇಲೆ ನಾದಿದರೆ ಪ್ರಯೋಜನವಿಲ್ಲವಂತೆ. ಬಿಸಿ ಇರುವಾಗಲೇ ಕೈ ಹಾಕಿದೆ. ನಾನು ಮಾಡಿದ ಶಬ್ದಕ್ಕೆ ಎದುರು ಮನೆಯ ಕಿಟಕಿ ತೆರೆಯಿತು.

ಮೊದಲ ಉಂಡೆಯನ್ನು ಹಲಗೆಯ ಮೇಲಿಟ್ಟು ಬಡಿದೆ. ಅದು ಒಂದು ಕಡೆ ಹರಿಯಿತು, ಇನ್ನೊಂದು ಕಡೆ ದಪ್ಪಗೆ ಕೂತಿತು. ನೋಡಿದರೆ ಥೇಟ್ ಹರಪನಹಳ್ಳಿ ತಾಲೂಕಿನ ನಕ್ಷೆ. ಮೆಲ್ಲಗೆ ಅಂಗೈ ಮೇಲೆ ಎತ್ತಿದೆ. ಹಂಚಿಗೆ ಹಾಕುವಷ್ಟರಲ್ಲಿ ಅರ್ಧ ಭಾಗ ಕಳಚಿ ಒಲೆಯ ಪಕ್ಕಕ್ಕೆ ಬಿತ್ತು. ಸರ್ಕಾರದವರು ಗಡಿ ಬದಲಿಸಿದಾಗಲೆಲ್ಲ ಹರಪನಹಳ್ಳಿಗೆ ಜಿಲ್ಲೆಯಿಂದ ಜಿಲ್ಲೆಗೆ ಹೋಗಿ ಬರುವ ಅನುಭವ ಮೊದಲೇ ಇರುವುದರಿಂದ ನಾನು ಅಷ್ಟಾಗಿ ನೊಂದುಕೊಳ್ಳಲಿಲ್ಲ. ಎರಡನೆಯದು ಹಡಗಲಿಯಾಯಿತು, ಮೂರನೆಯದು ಕೂಡ್ಲಿಗಿ. ಆ ವಾರವಿಡೀ ನಾನು ಸೇವೆ ಸಲ್ಲಿಸಿದ ಊರುಗಳೆಲ್ಲ ನನ್ನ ಹಂಚಿನ ಮೇಲೆ ಬಂದು ಸುಟ್ಟುಕೊಂಡು ಹೋದವು.

ಕೊಟ್ರಮ್ಮ ಕಟ್ಟುನಿಟ್ಟಿನ ಮೇಷ್ಟ್ರಿಣಿ. ಮಕ್ಕಳಿಗೆ ನಾನು ಹಾಕುತ್ತಿದ್ದ ಕೆಂಪು ಶಾಯಿಯ ಗುರುತುಗಳೆಲ್ಲ ಬಡ್ಡಿ ಸಮೇತ ತಿರುಗಿ ಬಂದವು. ಆದರೆ ಒಂದು ವ್ಯತ್ಯಾಸ. ನಾನು ತಪ್ಪು ಕಂಡಲ್ಲಿ ಗೆರೆ ಎಳೆದು, ಪಕ್ಕದಲ್ಲಿ ‘ಗಮನವಿರಲಿ’ ಎಂದು ಬರೆದು ಮುಂದಿನ ಪುಸ್ತಕ ತೆಗೆಯುತ್ತಿದ್ದೆ. ಅವಳು ಒಂದೇ ಮಾತು ಹೇಳುತ್ತಿದ್ದಳು: “ಆಗಲಿ, ಇನ್ನೊಂದು ಬಡೀರಿ.” ಬೈಗುಳ ಇಲ್ಲ, ಸಮಾಧಾನವೂ ಇಲ್ಲ. ಇನ್ನೊಂದು ಬಡೀರಿ. ಇದನ್ನು ನಾಲ್ಕು ಪುಟ ಹಿಗ್ಗಿಸಬಹುದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ನನ್ನ ದೊಡ್ಡ ತೊಂದರೆ ಎಂದರೆ ರೊಟ್ಟಿಯನ್ನು ತಿರುಗಿಸುವುದು. ಗುಂಡಗಾಗಲಿ ಎಂದು ನಾನು ಒಂದು ಏಟು ಹಾಕಿ, ನಿಂತು, ಎರಡೂ ಕೈಯಿಂದ ರೊಟ್ಟಿಯನ್ನು ಸ್ವಲ್ಪ ತಿರುಗಿಸಿ, ಮತ್ತೊಂದು ಏಟು ಹಾಕುತ್ತಿದ್ದೆ. ಪ್ರತಿ ಸಲ ಮುಟ್ಟಿದಾಗಲೂ ಒಂದು ಸೀಳು.

“ನೀವು ತಿರುಗಿಸಬ್ಯಾಡ್ರಿ, ಅದು ತಾನ ತಿರುಗಬೇಕು” ಎನ್ನುತ್ತಿದ್ದಳು.

“ತಾನೇ ಹೇಗೆ ತಿರುಗುತ್ತದೆ? ಅದಕ್ಕೇನು ಕಾಲಿದೆಯೇ?”

“ನೀವು ಸರಿಯಾಗಿ ಬಡಿದ್ರ ತಿರುಗ್ತೈತಿ.”

ಇದು ಮಂತ್ರದಂತೆ ಕೇಳಿಸಿತು, ಮಂತ್ರದಷ್ಟೇ ನಿರುಪಯೋಗಿಯೂ ಆಗಿತ್ತು. ಅವಳ ಕೈಕೆಳಗೆ ರೊಟ್ಟಿ ತಿರುಗುವುದನ್ನು ಮೂವತ್ತೇಳು ವರ್ಷ ನೋಡಿದ್ದೇನೆ ಎಂದುಕೊಂಡಿದ್ದೆ. ನೆನಪು ಮಾಡಿಕೊಳ್ಳಲು ಹೋದರೆ ನೆನಪಿಗೆ ಬರುವುದು ತಟ್ಟೆಯಲ್ಲಿದ್ದ ರೊಟ್ಟಿ ಮಾತ್ರ. ಕೈ ನೆನಪಿಗೇ ಬರುತ್ತಿರಲಿಲ್ಲ.

ಮುರಿದ ರೊಟ್ಟಿಗಳಲ್ಲಿ ನಮ್ಮಿಬ್ಬರಿಗೆ ಬೇಕಾದಷ್ಟನ್ನು ಸಾರಿನಲ್ಲಿ ಮುಳುಗಿಸಿ ತಿನ್ನುತ್ತಿದ್ದೆವು. ಸಾರಿನಲ್ಲಿ ಮುಳುಗಿದ ಮೇಲೆ ಎಲ್ಲ ತಾಲೂಕುಗಳೂ ಒಂದೇ. ಉಳಿದದ್ದನ್ನು ಏನು ಮಾಡುವುದು? ಹೊರಗೆ ಹಾಕಿದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಈ ವಿಷಯ ಹೊರಗೆ ಬಿಡಕೂಡದು ಎಂದು ಕೊಟ್ರಮ್ಮ ಮೊದಲ ದಿನವೇ ನನ್ನಿಂದ ಮಾತು ತೆಗೆದುಕೊಂಡಿದ್ದಳು. ನಮ್ಮ ಹಿತ್ತಲ ಗೋಡೆಯ ಆಚೆಗೆ ಗೌರಮ್ಮಜ್ಜಿಯ ಎಮ್ಮೆಯನ್ನು ಕಟ್ಟಿರುತ್ತಾರೆ. ಗೌರಮ್ಮಜ್ಜಿ ಎಂದರೆ ಬೀದಿಗೇ ಹಿರಿಯಳು, ಎಂಬತ್ತು ದಾಟಿದ್ದಾಳೆ, ಇನ್ನೂ ತನ್ನ ರೊಟ್ಟಿ ತಾನೇ ಬಡಿಯುತ್ತಾಳೆ. ಅವಳ ಮನೆಗೆ ಬೀದಿ ಸುತ್ತಿ ಹೋದರೆ ಒಂಬತ್ತನೇ ಮನೆ, ಹಿತ್ತಲಿಂದಾದರೆ ಒಂದು ಗೋಡೆಯಷ್ಟೇ ದೂರ. ಅಜ್ಜಿ ಬೆಳಿಗ್ಗೆ ಗುಡಿಗೆ ಹೋದ ಹೊತ್ತು ನೋಡಿ ನಾನು ಗೋಡೆಯ ಮೇಲಿಂದ ಬಗ್ಗಿ ಮುರಿದ ರೊಟ್ಟಿಗಳನ್ನು ಎಮ್ಮೆಯ ಮುಂದೆ ಹಾಕುತ್ತಿದ್ದೆ. ಎಮ್ಮೆ ಯಾವ ಟೀಕೆಯನ್ನೂ ಮಾಡದೆ ತಿನ್ನುತ್ತಿತ್ತು. ಕನ್ನಡ ಮೇಷ್ಟ್ರಿಗೆ ಇಂಥ ಓದುಗರು ಸಿಗುವುದು ಅಪರೂಪ.

ಗೋಡೆಗೆ ಆತು ನಿಂತು ಎಮ್ಮೆ ಮೆಲ್ಲುವುದನ್ನು ನೋಡುವಾಗ ಏನೇನೋ ಯೋಚನೆಗಳು ಬರುತ್ತಿದ್ದವು. ಹರಪನಹಳ್ಳಿಯಲ್ಲಿದ್ದಾಗ ಮಕ್ಕಳನ್ನು ಬಾಗಳಿಯ ಕಲ್ಲೇಶ್ವರ ಗುಡಿಗೆ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿಯ ಕಂಬಗಳು ತಿರುಗಣಿಯಲ್ಲಿಟ್ಟು ಕಡೆದಷ್ಟು ನುಣುಪು. ಮುಟ್ಟಿ ನೋಡಿ, ಇದೇ ಪರಿಶ್ರಮದ ಫಲ ಎಂದು ಹೇಳುತ್ತಿದ್ದೆ. ಆದರೆ ಕಡೆಯುವಾಗ ಸೀಳಿಹೋದ ಕಂಬಗಳು ಎಲ್ಲಿ? ಸೀಳದೇ ಇರುತ್ತವೆಯೇ? ಮೂಗು ಹಾರಿಹೋದ ದೇವರು, ಬೆರಳು ಮುರಿದ ದೇವತೆ, ಇವರೆಲ್ಲ ಯಾವ ಹೊಲದ ಬದುವಿಗೆ ಹೋಗಿ ಬಿದ್ದರು? ಗುಡಿ ಕಟ್ಟಿದವರು ಅವನ್ನು ನಮಗೆ ತೋರಿಸದೆ ಬಚ್ಚಿಟ್ಟಿದ್ದಾರೆ. ಅವರಿಗೂ ಒಂದು ಹಿತ್ತಲ ಗೋಡೆ ಇದ್ದಿರಬೇಕು. ಹೊಳಲಿನ ಗುಡಿಯ ಕಲ್ಲಿನ ಅನಂತಶಯನನನ್ನು ನೋಡಿ. ಹಾವಿನ ಮೇಲೆ ಎಷ್ಟು ನೆಮ್ಮದಿಯಾಗಿ ಮಲಗಿದ್ದಾನೆ! ಹಡಗಲಿಯಲ್ಲಿದ್ದಾಗ ಅವನ ಮುಂದೆ ನಿಂತಾಗಲೆಲ್ಲ ನನಗೂ ಆಕಳಿಕೆ ಬರುತ್ತಿತ್ತು. ದೇವರು ಹಾಗೆ ಆರಾಮಾಗಿ ಮಲಗಲೆಂದು ಯಾವನೋ ಒಬ್ಬ ಎಷ್ಟು ತಿಂಗಳು ಬಿಸಿಲಲ್ಲಿ ಕೂತಿದ್ದನೋ, ಅವನ ಬೆನ್ನು ಎಷ್ಟು ನೊಂದಿತ್ತೋ. ಆ ಯೋಚನೆ ನನಗೆ ಮೊದಲ ಸಲ ಬಂದದ್ದು ಈಗ, ನನ್ನ ಬೆನ್ನು ನೊಂದ ಮೇಲೆ.

ಎರಡನೆಯ ವಾರದ ಕೊನೆಗೆ ನನ್ನ ಕೈ ಸ್ವಲ್ಪ ದಾರಿಗೆ ಬಂತು. ರೊಟ್ಟಿ ಮುರಿದರೂ ಎರಡೇ ತುಂಡಾಗುತ್ತಿತ್ತು. ಆದರೆ ಮೂರನೆಯ ವಾರ ಏನಾಯಿತೋ, ದಿನದಿಂದ ದಿನಕ್ಕೆ ಕೆಡುತ್ತಾ ಹೋಯಿತು. ಮೊದಲು ಇಪ್ಪತ್ತು ನಿಮಿಷ ಬಡಿಯುತ್ತಿದ್ದವನು ಒಂದೂವರೆ ಗಂಟೆ ಬಡಿದೆ. ಹೆಚ್ಚು ಬಡಿದಷ್ಟೂ ಹೆಚ್ಚು ಸೀಳು. ಉಂಡೆ ಹಲಗೆಯ ಮೇಲೆ ಒಣ ಮಣ್ಣಿನಂತೆ ಬಿರಿಯುತ್ತಿತ್ತು. ಒಂದು ದಿನ ಕೊಟ್ರಮ್ಮ ಸ್ನಾನಕ್ಕೆ ಹೋದಾಗ, ದಪ್ಪಗೆ ತಟ್ಟಿ, ಡಬ್ಬಿಯ ಮುಚ್ಚಳ ಒತ್ತಿ ಗುಂಡಗೆ ಕತ್ತರಿಸಿದೆ. ಚಂದ್ರನಂಥ ರೊಟ್ಟಿ! ಅವಳು ಬಂದು ಅಂಚಿನ ಮೇಲೆ ಒಮ್ಮೆ ಬೆರಳಾಡಿಸಿದಳು.

“ಇದನ್ನ ಯಾವ ಡಬ್ಬಿ ಬಡಿದೈತ್ರಿ?”

ಪರೀಕ್ಷೆಯಲ್ಲಿ ಚೀಟಿ ಸಮೇತ ಸಿಕ್ಕಿಬಿದ್ದ ಎಷ್ಟು ಮಕ್ಕಳ ಮುಖ ನೋಡಿದ್ದೇನೆ! ಅಂದು ನನ್ನ ಮುಖ ಹಾಗಿತ್ತು. ಸಿಟ್ಟು ಬಂತು. ಹಿಟ್ಟಿನ ಕೈಯನ್ನು ಪಂಚೆಗೆ ಒರೆಸಿಕೊಂಡು, “ನನ್ನಿಂದ ಆಗೋದಿಲ್ಲ. ಶ್ರಮಪಟ್ಟರೆ ಎಲ್ಲ ಆಗುತ್ತದೆ ಅನ್ನುವುದು ಸುಳ್ಳು” ಎಂದು ಎದ್ದುಬಿಟ್ಟೆ. ಐದು ತಾಲೂಕು ಕೇಳಿದ ಭಾಷಣವನ್ನು ನಾನೇ ಅಡುಗೆಮನೆಯಲ್ಲಿ ವಾಪಸು ತೆಗೆದುಕೊಂಡಿದ್ದೆ.

ಕೊಟ್ರಮ್ಮ ಹಿಟ್ಟಿನ ಡಬ್ಬಿ ತೆರೆದು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. “ಇದು ಯಾವಾಗ ಬೀಸಿಸಿದ್ದು?” ಎಂದು ಕೇಳಿದಳು. ಮೊದಲ ದಿನವೇ, ಎಂದೆ. ತಿಂಗಳಿಗೆಲ್ಲ ಸಾಕಾಗಲಿ, ಮತ್ತೆ ಮತ್ತೆ ಗಿರಣಿಗೆ ಯಾರು ಅಲೆಯುತ್ತಾರೆ ಎಂದು ಹದಿನೈದು ಕಿಲೋ ಜೋಳವನ್ನು ಒಂದೇ ಸಲ ಬೀಸಿಸಿಟ್ಟಿದ್ದೆ. ಅದು ನನ್ನ ಜಾಣತನವೆಂದು ಒಳಗೊಳಗೇ ಹೆಮ್ಮೆಯೂ ಇತ್ತು. ಅವಳು ಮೊದಲ ಬಾರಿಗೆ ನಕ್ಕಳು, ಕೈ ನೋಯುವಷ್ಟು ನಕ್ಕಳು.

“ಅಯ್ಯ ನನ್ನ ಶಿವನ! ಜ್ವಾಳದ ಹಿಟ್ಟು ಇಟ್ರ ಜಿಗಿ ಹೋಗ್ತೈತ್ರಿ. ಹದಿನೈದು ದಿನ ದಾಟಿದ್ರ ಅದು ಬೂದಿ. ನನಗರ ಕೇಳಬಾರದೇನು? ವಾರಕ್ಕೊಮ್ಮೆ ಬೀಸಿಸ್ಕೊಂಡು ಬರ್ತೀರಿ ಅನ್ಕೊಂಡಿದ್ದೆ.”

ಅಂದರೆ ತಪ್ಪು ಕೈಯದಲ್ಲ, ಹಿಟ್ಟಿನದು. ಜಿಗಿ ಹೋದ ಹಿಟ್ಟನ್ನು ಎಷ್ಟು ಬಡಿದರೂ ಅದು ಅಂಟಿಕೊಳ್ಳುವುದಿಲ್ಲ. ನನಗೆ ತಟ್ಟನೆ ನೆನಪಾದದ್ದು ಜೇಬಿನಲ್ಲಿದ್ದ ಆ ನಾಲ್ಕು ಪುಟ. ಅದನ್ನೂ ನಾನು ಒಂದೇ ಸಲ ಬೀಸಿಸಿ, ಇಷ್ಟು ವರ್ಷ ಅದೇ ಡಬ್ಬಿಯಿಂದ ತೆಗೆದು ತೆಗೆದು ಬಡಿಸುತ್ತಿದ್ದೆನಲ್ಲ! ಮಕ್ಕಳು ಪಾಪ, ಚಪ್ಪಾಳೆ ತಟ್ಟುತ್ತಿದ್ದರು. ಅವರು ತಟ್ಟುತ್ತಿದ್ದದ್ದು ಭಾಷಣ ಮುಗಿದದ್ದಕ್ಕೆ ಇರಬೇಕು.

ಅಂದೇ ಎರಡು ಸೇರು ಹೊಸ ಜೋಳ ತಗೊಂಡು ಗಿರಣಿಗೆ ಹೋದೆ. ಸರದಿಯಲ್ಲಿ ನಿಂತು, ಬಿಸಿಬಿಸಿ ಹಿಟ್ಟು ಚೀಲದಲ್ಲಿ ಹಿಡಿದು, ಎದೆಗೆ ಅವುಚಿಕೊಂಡು ಬಂದೆ. ಎಸರು ಹೊಯ್ದು ನಾದಿದರೆ ಉಂಡೆ ಕೈಗೆ ಅಂಟಿ ಬಂತು. ಹಲಗೆಯ ಮೇಲೆ ಹುಡಿ ಉದುರಿಸಿ ಬಡಿಯತೊಡಗಿದೆ. ಹಳೆಯ ಹಿಟ್ಟಿನ ಜೊತೆ ಗುದ್ದಾಡಿದ್ದು ವ್ಯರ್ಥವಾಗಿರಲಿಲ್ಲ. ಆ ಬಿರಿಯುವ ಹಿಟ್ಟು ನನ್ನ ಕೈಗೆ ಮೆತ್ತಗಿರುವುದನ್ನು ಕಲಿಸಿಬಿಟ್ಟಿತ್ತು. ಬಲಗೈ ಬಡಿಯುತ್ತಿತ್ತು, ಎಡಗೈ ಅಂಚನ್ನು ಕಾಯುತ್ತಿತ್ತು. ಆಗ ಅದು ಆಯಿತು. ರೊಟ್ಟಿ ಹಲಗೆಯ ಮೇಲೆ ತಾನಾಗಿ ಒಂದಿಷ್ಟು ಸರಿಯಿತು. ಮತ್ತೊಂದು ಏಟಿಗೆ ಮತ್ತೊಂದಿಷ್ಟು. ನಾನು ಉಸಿರು ಬಿಗಿಹಿಡಿದು ಬಡಿಯುತ್ತಲೇ ಹೋದೆ, ಅದು ತಿರುಗುತ್ತಲೇ ಹೋಯಿತು.

“ಲೇ ಕೊಟ್ರಮ್ಮ, ತಿರುಗಾಕತ್ತೈತಿ! ತಾನ ತಿರುಗಾಕತ್ತೈತಿ ನೋಡು!” ಎಂದು ಕೂಗಿದೆ. ಜೀವಮಾನವೆಲ್ಲ ಶುದ್ಧ ಕನ್ನಡ ಮಾತಾಡಿದ ನನ್ನ ಬಾಯಿಂದ ನನ್ನವ್ವನ ಭಾಷೆ ಹೊರಬಿತ್ತು. ಎಸ್ಸೆಸ್ಸೆಲ್ಸಿ ಪಾಸಾದಾಗಲೂ ನನಗೆ ಇಷ್ಟು ಸಂತೋಷ ಆಗಿರಲಿಲ್ಲ ಎಂದರೆ ನಂಬಿ.

ಕೊಟ್ರಮ್ಮ ಬಾಗಿಲಲ್ಲಿ ಎದ್ದು ನಿಂತಿದ್ದಳು. “ಮಾತಾಡಬ್ಯಾಡ್ರಿ, ಬಡೀರಿ” ಎಂದಳು.

ಹಬ್ಬದ ಹಿಂದಿನ ಮೂರು ಬೆಳಗುಗಳಲ್ಲಿ ನಾನು ರೊಟ್ಟಿ ಬಡಿದೆ. ದಿನಕ್ಕೆ ಎರಡು ಸಲ ಗಿರಣಿಗೆ ಹೋದೆ. ಗಿರಣಿಯವನು ಮನೆಯಲ್ಲಿ ನಾವೇನಾದರೂ ಖಾನಾವಳಿ ತೆಗೆದಿದ್ದೇವೆಯೇ ಎಂದು ಕೇಳಿದ. ಹಂಚಿನ ಮೇಲೆ ಒದ್ದೆ ಅರಿವೆ ಸವರಿ, ತಿರುವಿ, ಬೆಂದದ್ದನ್ನು ಒಲೆಯ ಪಕ್ಕ ಆನಿಸಿ ನಿಲ್ಲಿಸಿ, ಕಡಕ್ಕಾದ ಮೇಲೆ ಬುಟ್ಟಿಗೆ ಹಾಕುವುದು. ಕೊಟ್ರಮ್ಮ ಎಡಗೈಯಲ್ಲೇ ಪಲ್ಯದ ಒಗ್ಗರಣೆ ಹಾಕಿದಳು. ಪ್ರತಿ ರೊಟ್ಟಿಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಒಪ್ಪಿಗೆಯಾದದ್ದನ್ನು ಮಾತ್ರ ಬುಟ್ಟಿಗಿಟ್ಟಳು. ನಲವತ್ತೈದು ತುಂಬಿದಾಗ ನನ್ನ ಬಲಗೈ ಮೇಲೆತ್ತಲು ಬರುತ್ತಿರಲಿಲ್ಲ. ಬುಟ್ಟಿಯ ಮುಂದೆ ಇಬ್ಬರೂ ಅದನ್ನೇ ನೋಡುತ್ತ ಕೂತಿದ್ದೆವು, ಹೊಸದಾಗಿ ಹುಟ್ಟಿದ ಮಗುವನ್ನು ನೋಡುವ ಹಾಗೆ.

“ಯಾರು ಬಡಿದ್ರು ಅಂತ ಹೇಳಬ್ಯಾಡ್ರಿ” ಎಂದು ಮತ್ತೊಮ್ಮೆ ಎಚ್ಚರಿಸಿದಳು. “ಹೇಳಿದ್ರ ಯಾರೂ ರೊಟ್ಟಿ ನೋಡಂಗಿಲ್ಲ, ನಿಮ್ಮನ್ನ ನೋಡ್ತಾರ. ಗಂಡಸು ಮಾಡ್ಯಾನ, ಅಡ್ಡಿಯಿಲ್ಲ ಬಿಡು ಅಂತಾರ. ನನಗ ಆ ಅಡ್ಡಿಯಿಲ್ಲ ಬ್ಯಾಡ.”

ರೊಟ್ಟಿ ಪಂಚಮಿಯ ದಿನ ತಟ್ಟೆಗಳನ್ನು ಹೊತ್ತು ಬೀದಿಗಿಳಿದೆ. ಎಂಟು ಮನೆಯವರೂ ಒಂದೇ ಪ್ರಶ್ನೆ ಕೇಳಿದರು: ಯಾರ ಹತ್ರ ಮಾಡಿಸಿದ್ರಿ ಮೇಷ್ಟ್ರೇ? ಒಬ್ಬಾಕೆ ರೊಟ್ಟಿಯನ್ನು ಬೆಳಕಿಗೆ ಹಿಡಿದು, “ಕೊಟ್ರಮ್ಮನ ಕೈಗೆ ಹತ್ತಿರ ಐತಿ” ಎಂದಳು. ಬಾಯಿ ಮುಚ್ಚಿಕೊಂಡು ನಿಂತೆ. ರೊಟ್ಟಿ ಬಡಿಯುವುದಕ್ಕಿಂತ ಕಷ್ಟದ ಕೆಲಸ ಒಂದಿದೆ ಎಂದು ಆಗ ಗೊತ್ತಾಯಿತು. ಮಾತಾಡಿ ಬದುಕಿದವನು ತನ್ನ ಬಗ್ಗೆ ಮಾತಾಡದೆ ಇರುವುದು.

ಒಂಬತ್ತನೆಯದು ಗೌರಮ್ಮಜ್ಜಿಯ ಮನೆ. ಕಟ್ಟೆಯ ಮೇಲೆ ಕೂತಿದ್ದಳು. ತಟ್ಟೆ ತೆಗೆದುಕೊಂಡು, ಪಲ್ಯ ಪಕ್ಕಕ್ಕೆ ಸರಿಸಿ, ಮೇಲಿನ ರೊಟ್ಟಿಯನ್ನು ಕಿವಿಯ ಹತ್ತಿರ ಹಿಡಿದು ಮುರಿದಳು. ಕಟ್ ಎಂದಿತು. ಒಂದು ಚೂರು ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಮೆದ್ದಳು. ಆಮೇಲೆ ರೊಟ್ಟಿಯ ಮೈಮೇಲೆ ಮೂಡಿದ್ದ ದೊಡ್ಡ ಬೆರಳಚ್ಚುಗಳ ಮೇಲೆ ಬೆರಳಿಟ್ಟು, ನನ್ನ ಬಲಗೈಯನ್ನು ನೋಡಿದಳು. ನಾನು ಕೈಯನ್ನು ಹಿಂದೆ ಕಟ್ಟಿಕೊಂಡೆ. ಅವಳು ಕೇಳಿದ್ದು ಉಳಿದವರು ಕೇಳಿದ ಪ್ರಶ್ನೆಯಲ್ಲ.

“ಎಷ್ಟು ಮುರುದ್ವು, ಮೇಷ್ಟ್ರೇ?”

ನಾನು ತಬ್ಬಿಬ್ಬಾದೆ. “ಏನ್ರಿ ಯಮ್ಮ?”

“ಇವು ನಲವತ್ತೈದು ಬರಾಕ ಎಷ್ಟು ಮುರುದ್ವು ಅಂದೆ. ಒಂದು ತಿಂಗಳಿಂದ ನಮ್ಮ ಎಮ್ಮಿ ಮೇವು ಮುಟ್ಟವಲ್ದು. ಬೆಳಗಾದ್ರ ನಿಮ್ಮ ಗ್ವಾಡಿ ಕಡಿ ಮಾರಿ ಮಾಡಿ ನಿಂದ್ರತೈತಿ. ನನಗ ಗೊತ್ತಾಗಂಗಿಲ್ಲೇನು?”

ನಾನು ತಲೆ ತಗ್ಗಿಸಿದೆ. “ಲೆಕ್ಕ ಇಟ್ಟಿಲ್ಲ ಯಮ್ಮ. ಎಮ್ಮಿಗೇ ಗೊತ್ತು.”

ಅಜ್ಜಿ ಬೊಚ್ಚುಬಾಯಲ್ಲಿ ನಕ್ಕಳು. ನಕ್ಕು ಮುಗಿಸಿ ಅವಳು ಹೇಳಿದ ಮಾತು ಕೇಳಿ ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ.

“ಹಿಂದಕ ಒಂದು ಸಲ ಹಿಂಗ ಆಗಿತ್ತು. ಆವಾಗಿನ ಎಮ್ಮಿ ಇದರ ಅಜ್ಜಿಯೋ ಮುತ್ತಜ್ಜಿಯೋ. ಅದೂ ಹಿಂಗ ಗ್ವಾಡಿ ನೋಡಿಕೋತ ನಿಂದ್ರತಿತ್ತು. ಏನಪ ಅಂತ ಹೋಗಿ ನೋಡಿದ್ರ ಹೊಸಾ ಮದುಮಗಳು, ನಿನ್ನ ಹೆಂಡ್ತಿ, ಸೆರಗಿನ್ಯಾಗ ಮುರುದ ರೊಟ್ಟಿ ಮುಚ್ಚಿಕೊಂಡು ಬಂದು ಹಾಕಿ ಅಳಾಕತ್ತಿದ್ಲು. ದಾವಣಗೇರಿ ಕಡಿ ಹಳ್ಳಿ ಹುಡುಗಿ, ರಾಗಿ ಮುದ್ದಿ ತಿರುವಾಕ ಬರ್ತಿತ್ತು, ರೊಟ್ಟಿ ಬಡಿಯಾಕ ಬರ್ತಿರಲಿಲ್ಲ. ಮೊದಲನೇ ಪಂಚಮಿಗೆ ಆಕಿ ರೊಟ್ಟಿ ನೋಡಿ ಓಣಿ ಹೆಂಗಸ್ರು ನಕ್ಕಿದ್ರು. ಒಂದು ವರ್ಷ ಬಡಿದ್ಲು, ನಿಮ್ಮ ಅಡಿಗಿಮನ್ಯಾಗ ನನ್ನ ಮುಂದ ಕುಂತು. ಬೊಬ್ಬಿ ಬಂದು ಒಡೆದ್ರೂ ಬಿಡ್ಲಿಲ್ಲ. ಮುಂದಿನ ಪಂಚಮಿಗೆ ಅದ ಹೆಂಗಸ್ರು ಬಾಯಿ ಮುಚ್ಚಿಕೊಂಡು ತಿಂದ್ರು.” ಅಜ್ಜಿ ಒಳಗೆ ಹೋಗಿ ತನ್ನ ಐದು ರೊಟ್ಟಿ ತಟ್ಟೆಗಿಟ್ಟು ತಂದಳು. ಅದರಲ್ಲಿ ಒಂದರ ಅಂಚು ಮುರಿದಿತ್ತು. “ನೋಡು, ನಂದೂ ಇನ್ನೂ ಮುರೀತಾವ” ಎಂದಳು.

ಮನೆಗೆ ಬರುವ ದಾರಿಯಲ್ಲಿ ನನಗೆ ಲೆಕ್ಕ ಹೊಂದಿತು. ಮದುವೆಯಾದ ಮೊದಲ ವರ್ಷ. ನಾನು ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಕೂತು ‘ಪರಿಶ್ರಮದ ಮಹತ್ವ’ ಬರೆಯುತ್ತಿದ್ದ ವರ್ಷ. ಬಿದ್ದು ಬಿದ್ದು ಏಳುವ ಜೇಡಕ್ಕಾಗಿ ನಾನು ಯಾವ್ಯಾವುದೋ ಪುಸ್ತಕ ಹುಡುಕುತ್ತಿದ್ದಾಗ, ಎರಡು ಕೋಣೆ ಆಚೆ ಇಪ್ಪತ್ತೆರಡರ ಹುಡುಗಿ ಬೊಬ್ಬೆ ಬಂದ ಕೈಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ನನ್ನ ಕಿವಿಗೆ ಬಿದ್ದೇ ಬಿದ್ದಿರಬೇಕು. ಬಾಗಿಲು ಮುಂದೆ ಮಾಡಿಕೊಂಡು ಬರೆದಿರಬೇಕು ನಾನು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವಳ ಬಗ್ಗೆ ಹೆಮ್ಮೆಯಾಯಿತು.

“ನನಗೆ ಯಾಕೆ ಹೇಳಲಿಲ್ಲ?” ಎಂದು ಕೇಳಿದೆ, ತಟ್ಟೆ ಕೆಳಗಿಡುತ್ತಾ.

“ನೀವು ಯಾವಾಗ ಕೇಳಿದ್ರಿ?” ಎಂದಳು. ಕೋಪವಿರಲಿಲ್ಲ. “ಅದಿರಲಿ, ಗೌರಮ್ಮಜ್ಜಿ ಏನಂದ್ಲು? ರೊಟ್ಟಿಗಿ ಏನಂದ್ಲು, ಅದನ್ನ ಹೇಳ್ರಿ.”

“ಕಟ್ ಅಂತು” ಎಂದೆ.

ಅವಳ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಮೂವತ್ತೆಂಟನೆಯ ವರ್ಷವೂ ತಪ್ಪಲಿಲ್ಲ. ಅಂದು ಇಬ್ಬರೂ ಕೂತು ಒಂಬತ್ತು ಮನೆಯ ರೊಟ್ಟಿ ತಿಂದೆವು. ಮೊದಲು ತಿಂದದ್ದು ಅಜ್ಜಿಯ ಅಂಚು ಮುರಿದ ರೊಟ್ಟಿ.

ಕೆಲವು ದಿನಗಳಲ್ಲೇ ಆಗಸ್ಟ್ ಹದಿನೈದು ಬಂತು. ಕೂಡ್ಲಿಗಿಯ ಕಡೆಯ ಒಂದು ಶಾಲೆಯಲ್ಲಿ ಭಾಷಣ. ನಾಲ್ಕು ಪುಟಗಳನ್ನು ಮನೆಯಲ್ಲೇ ಬಿಟ್ಟು ಹೋದೆ. ನಿಮ್ಮಲ್ಲಿ ಯಾರಿಗೆ ರೊಟ್ಟಿ ಬಡಿಯಲು ಬರುತ್ತದೆ, ಕೈ ಎತ್ತಿ, ಎಂದೆ. ಬಹಳ ಹುಡುಗಿಯರು, ನಾಲ್ಕೈದು ಹುಡುಗರು ಕೈ ಎತ್ತಿದರು. ನಿಮಗೆ ನಾನು ಹೇಳುವಂಥದ್ದೇನೂ ಇಲ್ಲ, ಉಳಿದವರು ಇವರನ್ನು ಕೇಳಿ, ಬಂದದ್ದೆಷ್ಟು ಎಂದು ಕೇಳಬೇಡಿ, ಮುರಿದದ್ದೆಷ್ಟು ಎಂದು ಕೇಳಿ, ಎಂದು ಕೂತುಬಿಟ್ಟೆ. ಮಕ್ಕಳಿಗೆ ಭಾಷಣ ಮುಗಿದದ್ದೇ ಗೊತ್ತಾಗಲಿಲ್ಲ. ಆಮೇಲೆ ನನ್ನ ಕುರ್ಚಿಯನ್ನು ನಾನೇ ಎತ್ತಿ ಒಳಗಿಟ್ಟು ಬಂದೆ.

ಕೊಟ್ರಮ್ಮನ ಪಟ್ಟು ಬಿಚ್ಚಿದಾಗ ಕೈ ಸಣ್ಣಗಾಗಿತ್ತು, ಮಣಿಕಟ್ಟು ಮರಗಟ್ಟಿತ್ತು. ಮರುದಿನ ಬೆಳಿಗ್ಗೆಯೇ ಹಲಗೆಯ ಮುಂದೆ ಕೂತಳು. ಈ ಸಲ ಬಾಗಿಲ ಮಣೆಯ ಮೇಲೆ ನಾನು. ಮೊದಲ ರೊಟ್ಟಿ ಎತ್ತುವಾಗಲೇ ಹರಿಯಿತು. ಎರಡನೆಯದು ಹಂಚಿನ ಮೇಲೆ ಎರಡು ತುಂಡಾಯಿತು. ಅವಳು ಕೈ ಮಡಿಲಲ್ಲಿಟ್ಟುಕೊಂಡು ನನ್ನ ಮುಖ ನೋಡಿದಳು. ಅಷ್ಟು ವರ್ಷದ ಹಿಂದಿನ ಆ ಹುಡುಗಿ, ನಾನು ನೋಡದೇ ಹೋದವಳು, ಇಗೋ ಎದುರಿಗೇ ಕೂತಿದ್ದಳು.

“ಆಗಲಿ” ಎಂದೆ. “ಇನ್ನೊಂದು ಬಡಿ.”

ಅವಳು ನಕ್ಕು ಇನ್ನೊಂದು ಉಂಡೆ ತೆಗೆದುಕೊಂಡಳು. ಮೂರನೆಯದು ಅವಳ ಕೈಕೆಳಗೆ ಮೆಲ್ಲಗೆ ತಿರುಗತೊಡಗಿತು. ಈ ಸಲ ನಾನು ಕೈ ನೋಡುತ್ತಿದ್ದೆ. ರೊಟ್ಟಿ ಹಂಚಿನ ಮೇಲೆ ಉಬ್ಬಿದ್ದನ್ನು ಕಂಡು, ಮುರಿದ ಎರಡನ್ನು ಎತ್ತಿಕೊಂಡು ಹಿತ್ತಲಿಗೆ ಹೋದೆ. ನಾನು ಕ್ಲಾಸಿಗೆ ಕಾಲಿಟ್ಟಾಗ ಮಕ್ಕಳು ಎದ್ದು ನಿಲ್ಲುತ್ತಿದ್ದದ್ದು ನನ್ನ ಹುದ್ದೆಗೆ. ಅಂದು ಗೋಡೆಯ ಮೇಲೆ ನನ್ನ ತಲೆ ಕಂಡದ್ದೇ ತಡ, ಮಲಗಿದ್ದ ಗೌರಮ್ಮಜ್ಜಿಯ ಎಮ್ಮೆ ಎದ್ದು ನಿಂತಿತು.